ರಂಗೂನಿನಲ್ಲಿ ಬಳೆ ಹೆಚ್ಚಿದವು

ಅಥವಾ ಪತ್ರದ ಆ ಸಾಲನ್ನು ನಾನು ಗಟ್ಟಿಯಾಗಿ ಓದಲೇ ಇಲ್ಲವೇನೋ. ಓದಿದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಹೇಳಿದ ಒಂದೊಂದು ಸಲವೂ ಆ ಕೋಣೆಯಲ್ಲಿ ಕೂತವರ ಜಾಗ ಬದಲಾಗಿದೆ. ಒಮ್ಮೆ ಅಬ್ಬಾ ಬಾಗಿಲಿಗೆ ಒರಗಿ ನಿಂತಿರುತ್ತಾರೆ, ಇನ್ನೊಮ್ಮೆ ಟ್ರಂಕಿನ ಮೇಲೆ ಕೂತಿರುತ್ತಾರೆ. ಅಮ್ಮ ಒಮ್ಮೆ ಚಹಾ ಸೋಸುತ್ತಿರುತ್ತಾಳೆ, ಇನ್ನೊಮ್ಮೆ ಮನೆಯಲ್ಲೇ ಇರುವುದಿಲ್ಲ. ಹತ್ತಕ್ಕೆ ಹನ್ನೆರಡು ಅಡಿಯ ಆ ಖೋಲಿಯಲ್ಲಿ ಇಷ್ಟೊಂದು ಓಡಾಟಕ್ಕೆ ಜಾಗ ಇರಲಿಲ್ಲ. ಕದಲದೆ ಇರುವುದು ಬಡೀಮಾಳ ಕೈಗಳು ಮಾತ್ರ. ಅವು ಮಡಿಲಲ್ಲಿ ಬಿದ್ದಿವೆ, ಅಂಗೈ ಕೆಳಗಾಗಿ, ಒಂದೊಂದರಲ್ಲೂ ಮಣಿಕಟ್ಟಿನಿಂದ ಮೇಲಕ್ಕೆ ಒಂದು ಡಜನ್ ಹಸಿರು ಗಾಜಿನ ಬಳೆ. ಅವಳ ಕೈಗಳು ಸುಮ್ಮನಿದ್ದುದನ್ನು ನಾನು ಬೇರೆ ಯಾವತ್ತೂ ನೋಡಿಲ್ಲವಾದ್ದರಿಂದ ಈ ಚಿತ್ರವನ್ನೂ ಪೂರ್ತಿ ನಂಬಲಾರೆ.

ಬಡೀಮಾ ಎಂದರೆ ಅಬ್ಬಾನ ಅಣ್ಣ ದಾವಲಸಾಬರ ಹೆಂಡತಿ. ದಾವಲಸಾಬರನ್ನು ನಾನು ಕಂಡವಳಲ್ಲ. ಅವರು ದೊಡ್ಡ ಯುದ್ಧಕ್ಕೆ ಮೊದಲು ವಿಜಾಪುರದಿಂದ ರಂಗೂನಿಗೆ ಬಳೆ ಮಾರಲು ಹೋದರು. ಯುದ್ಧ ಮುಗಿಯಿತು, ಅವರು ಬರಲಿಲ್ಲ. ಅವರ ಬದಲಿಗೆ ನಡುವೆ ಒಂದು ಪತ್ರ ಬಂದಿತ್ತು. ಕನ್ನಡದಲ್ಲಿ ಬರೆದ, ಒಂದು ಮಗ್ಗುಲಿನ, ಮಿಲಿಟರಿಯವರು ಒಂದೂವರೆ ಸಾಲಿಗೆ ಮಸಿ ಬಳಿದ ಪತ್ರ. ಅದು ಈಗ ಭಾಂಡುಪಿನಲ್ಲಿ ನನ್ನ ತಮ್ಮನ ಮನೆಯಲ್ಲಿದೆ. ಅವನು ಅದಕ್ಕೆ ಪ್ಲಾಸ್ಟಿಕ್ಕು ಹೊದಿಸಿ, ಫ್ರೇಮು ಹಾಕಿಸಿ, ಟಿವಿಯ ಮೇಲೆ ತೂಗುಹಾಕಿದ್ದಾನೆ. ಕನ್ನಡ ಅವನಿಗೆ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಬಂದವರಿಗೆಲ್ಲ ಅದನ್ನು ತೋರಿಸಿ, ರಂಗೂನಿನಲ್ಲಿ ನಮ್ಮದು ಭಾರಿ ಧಂದಾ ಇತ್ತು, ನೋಡಿ ಪುರಾವೆ, ಎನ್ನುತ್ತಾನೆ. ನಾನು ಪಕ್ಕದಲ್ಲಿದ್ದರೆ ಚಹಾ ಕುಡಿಯುತ್ತೇನೆ.

ನಮ್ಮ ಖೋಲಿ ಇದ್ದದ್ದು ಮುಂಬೈಯ ಕುರ್ಲಾದ ಒಂದು ಚಾಳಿನ ನೆಲಮಹಡಿಯಲ್ಲಿ. ಅಂಗಡಿ ಚಾಳಿನ ಬಾಯಲ್ಲಿ, ಸ್ಟೇಷನ್ನಿಗೆ ಹೋಗುವ ರಸ್ತೆಗೆ ಮುಖಮಾಡಿ. ಅಂಗಡಿಯ ಮಾಲು ಹಿಡಿಸದೆ ಮನೆಗೆ ಬರುತ್ತಿತ್ತು, ಮನೆಯ ಜನ ಹಿಡಿಸದೆ ಅಂಗಡಿಗೆ ಹೋಗುತ್ತಿದ್ದರು. ಫಿರೋಜಾಬಾದಿನಿಂದ ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಹುಲ್ಲು ತುಂಬಿ ಬಳೆ ಬರುತ್ತಿದ್ದವು. ಆ ಹುಲ್ಲಿನ ವಾಸನೆ ನಮ್ಮ ಗಾದಿಯಲ್ಲೂ, ಅನ್ನದಲ್ಲೂ, ಆಪಾಳ ತಲೆಗೂದಲಲ್ಲೂ ಇರುತ್ತಿತ್ತು. ಆಪಾ ಎಂದರೆ ನನ್ನ ಅಕ್ಕ ಖೈರೂ. ಆಗ ಅವಳಿಗೆ ಹದಿನೆಂಟು, ನನಗೆ ಹನ್ನೊಂದು. ನೆಲದಲ್ಲಿ ಎಷ್ಟು ಗುಡಿಸಿದರೂ ಗಾಜಿನ ಚೂರು ಉಳಿದಿರುತ್ತಿದ್ದುದರಿಂದ ಮನೆಯವರೆಲ್ಲ ಮೊದಲು ಕಾಲ್ಬೆರಳು ಊರಿ, ಪರೀಕ್ಷಿಸಿ, ಆಮೇಲೆ ಹಿಮ್ಮಡಿ ಇಡುತ್ತಿದ್ದೆವು. ನಾನು ಇವತ್ತಿಗೂ ಹಾಗೆಯೇ ನಡೆಯುತ್ತೇನೆ. ಮಣಿಕಟ್ಟು ನೋಡಿದರೆ ಅಳತೆ ಹೇಳುತ್ತೇನೆ. ಮನೆತನದಿಂದ ನನಗೆ ಬಂದ ಆಸ್ತಿ ಈ ಎರಡು. ಮೂರನೆಯದೊಂದು ಇದೆ. ಅದೇ ಈ ಅಧ್ಯಾಯ.

ಅಡುಗೆ ಮನೆ ಎಂದು ಬೇರೆ ಇರಲಿಲ್ಲ. ಮೋರಿಯ, ಅಂದರೆ ಬಚ್ಚಲಿನ, ಪಕ್ಕದ ಮೂಲೆಯಲ್ಲಿ ಎರಡು ಸ್ಟೋವು, ಎರಡು ಸ್ಟೋವಿಗೆ ಇಬ್ಬರು ಹೆಂಗಸರು. ಅಮ್ಮ ಚಪಾತಿ ಲಟ್ಟಿಸುತ್ತಿದ್ದಳು, ಬಡೀಮಾ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಮುಂಚೆ ಬಳೆಗಳನ್ನೆಲ್ಲ ಮೊಳಕೈಯತ್ತ ಸರಿಸಿಕೊಳ್ಳುವಳು. ನಾಲ್ಕು ಬಡಿತಕ್ಕೆ ಅವು ಮತ್ತೆ ಜಾರಿ ಬರುವವು. ರೊಟ್ಟಿಯ ದಪ್ ದಪ್ ಮತ್ತು ಬಳೆಯ ಝಲ್ ಒಂದಕ್ಕೊಂದು ಹೊಂದುತ್ತಿರಲಿಲ್ಲ, ಆದರೂ ಆ ಎರಡೂ ಕೂಡಿದ್ದೇ ನಮಗೆ ಮುಂಜಾನೆ. ಒಮ್ಮೆ ಅಬ್ಬಾನ ತುತ್ತಿನಲ್ಲಿ ಹಸಿರು ಚೂರು ಸಿಕ್ಕಿತು. ಅವರು ಅದನ್ನು ನಾಲಿಗೆಯ ತುದಿಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟು ಸುಮ್ಮನೆ ಉಂಡರು. ಸುಮ್ಮನಿರದವಳು ಅಮ್ಮ.

"ಭಾಬಿ, ನಾದೂ ಹೊತ್ತಿಗರೆ ತಗದಿಟ್ರ ಏನಾಕ್ಕೈತಿ? ನಾಳೆ ಇವರ ಗಂಟಲಾಗ ಹೊಕ್ರ?"

"ನಿನ್ನ ಗಂಡನ ಗಂಟಲಾಗ ಇದಕ್ಕಿಂತ ದೊಡ್ಡು ಎಷ್ಟೋ ಹೊಕ್ಕಾವ, ಅರಗಿಸ್ಕೊಂಡಾನ."

"ನಾ ಚಾಷ್ಟಿ ಮಾಡಾಕತ್ತಿಲ್ಲ."

"ನಾನೂ ಮಾಡಾಕತ್ತಿಲ್ಲ. ಇವು ತಗಿಯೂವಲ್ಲ, ಅಷ್ಟ."

ತೆಗೆಯುವವಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸ್ನಾನಕ್ಕೂ ಇಲ್ಲ, ಜ್ವರದಲ್ಲೂ ಇಲ್ಲ. ಒಂದು ಹೋದರೆ ಆ ಗಳಿಗೆಯಲ್ಲೇ ಅಂಗಡಿಯಿಂದ ಇನ್ನೊಂದು ತಂದು ಏರಿಸಬೇಕು. ಮನೆಯಲ್ಲಿ ನಾವು ಮಾತಾಡುತ್ತಿದ್ದುದು ದಖನಿ. ಬಡೀಮಾ ಮಾತ್ರ ಸಿಂದಗಿ ಕಡೆಯ ಹಳ್ಳಿಯಿಂದ ಬಂದವಳಾದ್ದರಿಂದ, ಸಿಟ್ಟಿಗೂ ಪ್ರೀತಿಗೂ ಕನ್ನಡಕ್ಕೆ ಇಳಿಯುತ್ತಿದ್ದಳು, ಉಳಿದವರನ್ನೂ ಇಳಿಸುತ್ತಿದ್ದಳು. ಇಲ್ಲಿ ಬರೆಯುವಾಗ ನಾನು ಎಷ್ಟೋ ಮಾತನ್ನು ಕನ್ನಡಕ್ಕೆ ತಂದಿದ್ದೇನೆ. ಯಾವುದು ತಂದದ್ದು, ಯಾವುದು ಮೊದಲಿಂದಲೇ ಕನ್ನಡ, ನನಗೇ ಗುರುತು ಹತ್ತುವುದಿಲ್ಲ.

ಒಂದು ಮಾತನ್ನು ಮಾತ್ರ ಇಲ್ಲಿ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಳೆ ಮಾರುವವರ ಮನೆಯಲ್ಲಿ ಬಳೆ ಒಡೆಯಿತು ಎನ್ನಬಾರದು. ಅಪಶಕುನ. ಹೆಚ್ಚಿತು ಎನ್ನಬೇಕು. ದಖನಿಯಲ್ಲಿ ಬಡ್ ಗಯೀ. ದೀಪ ಆರಿತು ಎನ್ನಬಾರದು, ಹೆಚ್ಚಿತು. ಸಂಜೆ ಅಂಗಡಿ ಮುಚ್ಚುವಾಗ ಅಬ್ಬಾ ಎಂದೂ ಮುಚ್ಚು ಎನ್ನಲಿಲ್ಲ. ದುಕಾನ್ ಬಡಾವ್ ಎನ್ನುತ್ತಿದ್ದರು, ಅಂಗಡಿ ಹೆಚ್ಚಿಸು ಎಂದು. ಗಂಡ ಸತ್ತ ಹೆಂಗಸು ಬಳೆ ತೆಗೆಯುವುದಕ್ಕೂ ಅದೇ ಮಾತು, ಬಳೆ ಹೆಚ್ಚಿಸಿದಳು. ಕೆಟ್ಟದ್ದೆಲ್ಲ ನಮ್ಮಲ್ಲಿ ಹೆಚ್ಚುತ್ತಿತ್ತು. ಇನ್ನು ನಿಜವಾಗಿ ಜಾಸ್ತಿಯಾದದ್ದಕ್ಕೆ ಏನೆನ್ನುತ್ತಿದ್ದೆವು ಎಂದು ಕೇಳಿದರೆ, ಅದಕ್ಕೂ ಹೆಚ್ಚು ಎಂದೇ. ಯಾವುದು ಯಾವುದೆಂದು ಮುಖ ನೋಡಿ ತಿಳಿಯಬೇಕು.

ಇದು ಲೋಕದ ಕನ್ನಡವಲ್ಲ ಎಂದು ನನಗೆ ಗೊತ್ತಾದದ್ದು ಶಾಲೆಯಲ್ಲಿ. ಉರ್ದು ಶಾಲೆಗೆ ರೈಲುಹಳಿ ದಾಟಿ ಹೋಗಬೇಕಿತ್ತು, ಮುನ್ಸಿಪಾಲಿಟಿಯ ಕನ್ನಡ ಶಾಲೆ ಗಲ್ಲಿಯ ಕೊನೆಗೇ ಇತ್ತು. ಹಳಿಗೆ ಹೆದರಿ ನನ್ನನ್ನು ಕನ್ನಡಕ್ಕೆ ಹಾಕಿದರು. ಹೀಗಾಗಿ ಮನೆಯಲ್ಲಿ ಕನ್ನಡ ಓದಲು ಬರುತ್ತಿದ್ದವಳು ನಾನೊಬ್ಬಳೇ. ಮೂರನೆಯ ಇಯತ್ತೆಯಲ್ಲಿ ಬಾಯಿ, ನಮ್ಮಲ್ಲಿ ಟೀಚರಿಗೆ ಬಾಯಿ ಎನ್ನುತ್ತಿದ್ದೆವು, ‘ಹೆಚ್ಚು’ ಶಬ್ದ ಬಳಸಿ ವಾಕ್ಯ ಮಾಡಿರಿ ಎಂದರು. ನಾನು ಬರೆದೆ: ಇವತ್ತು ನಮ್ಮ ಅಂಗಡಿಯಲ್ಲಿ ನಾಲ್ಕು ಡಜನ್ ಬಳೆ ಹೆಚ್ಚಿದವು, ನಮ್ಮ ಅಬ್ಬಾ ತಲೆಯ ಮೇಲೆ ಕೈ ಹೊತ್ತು ಕೂತರು.

"ಹೆಚ್ಚಿದ್ರ ಖುಷಿ ಪಡಬೇಕಲ್ಲಾ ಜೈಬೂ? ತಲಿ ಮ್ಯಾಲೆ ಯಾಕ ಕೈ?"

"ಹೆಚ್ಚಿದ್ರ ಹೋದ್ವಲ್ರಿ ಬಾಯಿ."

ಇಡೀ ತರಗತಿ ನಕ್ಕಿತು. ಬಾಯಿ ಕೆಂಪು ಶಾಯಿಯಿಂದ ‘ಹೆಚ್ಚು’ ಎಂಬುದರ ಮುಂದೆ ‘ಕಡಿಮೆ’ ಎಂದು ಬರೆದು, ಎರಡರ ನಡುವೆ ವಿರುದ್ಧಾರ್ಥದ ಗುಣಾಕಾರ ಚಿಹ್ನೆ ಹಾಕಿದರು. ಮನೆಗೆ ಬಂದು ಬಡೀಮಾಳಿಗೆ ತೋರಿಸಿದೆ. ಅವಳಿಗೆ ಓದಲು ಬಾರದು, ಕೆಂಪು ಚಿಹ್ನೆಯ ಮೇಲೆ ಬೆರಳಾಡಿಸಿ, ಇದೇನು, ತಪ್ಪೋ ಒಪ್ಪೋ ಎಂದು ಕೇಳಿದಳು.

ಪತ್ರದ ಕಥೆಯನ್ನು ನಮಗೆ ಹೇಳುತ್ತಿದ್ದವಳೂ ಅವಳೇ. ಅದು ಬಂದಾಗ ವಿಜಾಪುರದ ಮನೆಯಲ್ಲಿ ಯಾರಿಗೂ ಅಕ್ಷರ ಬರುತ್ತಿರಲಿಲ್ಲ. ದಾದಾ, ಅಂದರೆ ಅಬ್ಬಾನ ತಂದೆ, ಓಣಿಯ ಸಾಲಿಮಾಸ್ತರರ ಹತ್ತಿರ ಒಯ್ದರು. ಬಡೀಮಾಳಿಗೆ ಆಗ ಹತ್ತೊಂಬತ್ತು ವರ್ಷವಂತೆ, ಬಾಗಿಲ ಪರದೆಯ ಹಿಂದೆ ನಿಂತಿದ್ದಳಂತೆ. ಮಾಸ್ತರರು ಓದಿ, ಕನ್ನಡಕ ತೆಗೆದು, ದಾದಾನ ಬೆನ್ನು ತಟ್ಟಿದರಂತೆ.

"ಇಮಾಮಸಾಬ್, ನಿಮ್ಮ ಮಗ ಗೆದ್ದ ನೋಡ್ರಿ! ಅಂಗಡಿ ಹೆಚ್ಚಿತಂತ, ಮಾಲು ಹೆಚ್ಚಿತಂತ. ಹೆಂಡ್ತಿಗೆ ಇನ್ನೂ ಹೆಚ್ಚಿಗಿ ಬಳಿ ಇಟ್ಕೊಳ್ಳಾಕ ಹೇಳ್ಯಾನ ಭೂಪ!"

ದಾದಾ ಏನೆಂದರು ಎಂದು ನಾನು ಕೇಳಿದಾಗಲೆಲ್ಲ ಬಡೀಮಾಳ ಉತ್ತರ ಒಂದೇ. ಏನೂ ಅನ್ನಲಿಲ್ಲ, ಪೇಢೆ ತರಿಸಿದರು. ಓಣಿಗೆಲ್ಲ ಪೇಢೆ ಹಂಚಿದರು. ಅವತ್ತಿನಿಂದ ಬಡೀಮಾಳ ಕೈಯಲ್ಲಿ ಆರಾರು ಇದ್ದ ಬಳೆ ಹನ್ನೆರಡು ಹನ್ನೆರಡಾದವು. ಮರುವರ್ಷ ದಾದಾ ವಿಜಾಪುರದ ಮನೆ ಬಿಟ್ಟು, ಹೆಂಡತಿ, ಸೊಸೆ, ಚಿಕ್ಕ ಮಗನನ್ನು ಕಟ್ಟಿಕೊಂಡು ಮುಂಬೈಗೆ ಬಂದರು. ಹಡಗು ಬರುವುದು ಮುಂಬೈಗೆ ತಾನೇ, ಮಗ ಇಳಿದಾಗ ಎದುರುಗೊಳ್ಳಬೇಕು ಎಂದು. ಬಾಂಬು ಬಿದ್ದು ಓಡಿಬಂದ ರಂಗೂನಿನ ಜನ ಇಳಿದದ್ದು ಆಚೆ ಪೂರ್ವ ಕರಾವಳಿಯ ಬಂದರುಗಳಲ್ಲಿ, ಹಡಗು ಸಿಗದವರು ಕಾಡು ಬೆಟ್ಟ ದಾಟಿ ಅಸ್ಸಾಮಿಗೆ ನಡೆದು ಬಂದರು ಎಂಬುದನ್ನು ಅವರಿಗೆ ಯಾರೂ ಹೇಳಲಿಲ್ಲವೋ, ಹೇಳಿದರೂ ಕೇಳಲಿಲ್ಲವೋ. ಶುಕ್ರವಾರ ನಮಾಜು ಮುಗಿಸಿ ಗೋದಿಯ, ಅಂದರೆ ಬಂದರುಕಟ್ಟೆಯ, ಗೇಟಿಗೆ ಹೋಗಿ ನಿಂತು ಬರುತ್ತಿದ್ದರಂತೆ. ಕುರ್ಲಾದಲ್ಲಿ ಅಂಗಡಿ ಹಾಕಿದಾಗ ‘ರಂಗೂನ್ ಬ್ಯಾಂಗಲ್ ಸ್ಟೋರ್’ ಎಂದು ಬೋರ್ಡು ಬರೆಸಿದರು. ಹೀಗೆ ನಾವು ರಂಗೂನವಾಲೆ ಆದೆವು, ರಂಗೂನನ್ನು ಕಂಡ ಒಬ್ಬರೂ ಮನೆಯಲ್ಲಿ ಇರದೆ.

ಬದುಕಿಡೀ ಒಡೆಯಿತು ಎನ್ನುವುದಕ್ಕೆ ಹೆಚ್ಚಿತು ಎಂದೇ ಹೇಳಿದ ಮುದುಕನಿಗೆ, ಬಳೆ ಹೆಚ್ಚಿದವು ಎಂಬ ಮಾತು ತಿಳಿಯದೆ ಹೋದೀತೇ ಎಂದು ನನ್ನ ಮನಸ್ಸಿಗೆ ಅಂದು ಬರಲಿಲ್ಲ. ಯಾರ ಮನಸ್ಸಿಗೂ ಬಂದಂತೆ ಕಾಣಲಿಲ್ಲ. ಮಾಸ್ತರರು ಓದುವ ಜಾತಿ, ನಾವು ಬಳೆಯ ಜಾತಿ. ಓದಿದವರು ಹೇಳಿದ್ದೇ ಅರ್ಥ.

ಆಪಾಳಿಗೆ ಮುಂಬೈಯದೇ ಜೋಗೇಶ್ವರಿ ಕಡೆಯ ಸಂಬಂಧ ಬಂದದ್ದು ಕಿಟಕಿಯ ಗಾಜುಗಳಿಗೆ ಕರಿ ಕಾಗದ ಅಂಟಿಸಿದ ದಿನಗಳಲ್ಲಿ. ಮತ್ತೆ ಯುದ್ಧ ನಡೆದಿತ್ತು, ಎಪ್ಪತ್ತೊಂದರದು. ಹಗಲಿನಲ್ಲೂ ಖೋಲಿಯಲ್ಲಿ ಬಲ್ಬು ಹಚ್ಚಬೇಕು. ಹುಡುಗ ಲೇಥ್ ಮಷೀನಿನ ಕೆಲಸದವನು, ಮನೆಯವರು ಬೆಳಗಾವಿ ಕಡೆಯವರು. ಎಲ್ಲ ಒಪ್ಪಿಗೆಯಾದ ಮೇಲೆ ಹುಡುಗನ ತಾಯಿ ರಾಬಿಯಾಬಿ ಒಂದು ಮಾತು ತೆಗೆದಳು. ಅರಿಶಿಣದ ದಿನ ಮದುಮಗಳಿಗೆ ಹಸಿರು ಬಳೆ ಇಡಿಸುತ್ತಾರಲ್ಲ, ಮೊದಲ ಬಳೆ ಯಾರು ಇಡಿಸುವರು? ನಮ್ಮಲ್ಲಿ ಅದೊಂದು ಪ್ರಶ್ನೆಯೇ ಅಲ್ಲ. ಬಡೀಮಾಳ ಕೈ ಇಡೀ ಕುರ್ಲಾಕ್ಕೆ ಗೊತ್ತು. ಎರಡೂ ಹೊತ್ತು ಪಾತ್ರೆ ತಿಕ್ಕಿ ಗಂಟುಗಟ್ಟಿದ ಕೈಗೂ ಅವಳು ಅಳತೆಗಿಂತ ಚಿಕ್ಕ ಬಳೆ ಏರಿಸುತ್ತಿದ್ದಳು, ಹೆಬ್ಬೆರಳ ಬುಡವನ್ನು ಒತ್ತಿ, ಮಾತಾಡಿಸುತ್ತ ಮಾತಾಡಿಸುತ್ತ. ಮಕ್ಕಳಿಲ್ಲದ ಅವಳು ಆಪಾಳನ್ನು ಹುಟ್ಟಿದ ನಾಲ್ಕನೆಯ ದಿನದಿಂದ ತನ್ನ ಮಗ್ಗುಲಲ್ಲಿ ಮಲಗಿಸಿಕೊಂಡವಳು. ಆದರೆ ಮೊದಲ ಬಳೆ ಇಡಿಸುವವಳು ಸುಹಾಗನ್ ಆಗಿರಬೇಕು, ಗಂಡ ಬದುಕಿದ್ದವಳು.

ರಾಬಿಯಾಬಿ ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಬಂದಳು. ಒಬ್ಬಳೇ ಬಂದಳೋ, ಮಗಳೊಬ್ಬಳು ಜೊತೆಗಿದ್ದಳೋ, ಅದೂ ನನ್ನಲ್ಲಿ ಬದಲಾಗುತ್ತಿರುತ್ತದೆ. ದಪ್ಪ ದನಿ, ಒಳ್ಳೆಯ ಮನಸ್ಸು. ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಬಡೀಮಾಳ ಕೈಗಳನ್ನೇ ನೋಡುತ್ತ ಹೇಳಿದಳು.

"ಬುರಾ ನಕ್ಕೋ ಮಾನೋ ಬಡೀಮಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಮ್ಯಾಲೆ ನನಗೇನೂ ಇಲ್ಲ. ಮಂದಿ ಕೇಳ್ತಾರ. ಮೂವತ್ತು ವರ್ಷಾತು, ಅವರು ಅದಾರೇನು, ಇಲ್ಲೇನು? ನಾಳೆ ಮಕ್ಕಳಿಗೆ ಏನರೆ ಆದ್ರ ನನ್ನ ಸೊಸಿ ಮ್ಯಾಲೆ ಬರ್ತೈತಿ ಮಾತು."

ಅಬ್ಬಾ ಗಂಟಲು ಸರಿಮಾಡಿಕೊಂಡರು.

"ಇದೆಲ್ಲಾ ದೀನಿನಾಗ, ಧರ್ಮದಾಗ, ಎಲ್ಲೈತ್ರಿ? ಯಾವ ಕಿತಾಬಿನಾಗೂ ಇಲ್ಲ."

"ದೀನಿನಾಗ ಇಲ್ಲ, ಗಲ್ಲ್ಯಾಗ ಐತಿ," ಎಂದಳು ಅಮ್ಮ. ಅಮ್ಮ ಬಡೀಮಾಳ ಪರವಾಗಿ ಹೇಳಿದಳೋ ವಿರುದ್ಧವಾಗಿ ಹೇಳಿದಳೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಬಡೀಮಾ ಎದ್ದು ನಿಂತಳು. ಟ್ರಂಕಿನ ಬೀಗದ ಕೈ ಅವಳ ಸೊಂಟದಲ್ಲಿತ್ತು.

"ಕಾಗದ ಐತಿ. ಓದಸ್ರಿ. ಅವರು ಬೆಳಗಾಂವ ಮಂದಿ, ಕನ್ನಡ ತಿಳೀತೈತಿ. ಜೈಬೂ ಓದ್ತಾಳ. ಅದರಾಗ ಹೆಂಗೈತಿ ಹಂಗ."

ಮೂವತ್ತು ವರ್ಷದಲ್ಲಿ ಆ ಪತ್ರವನ್ನು ಯಾರೂ ಮತ್ತೆ ಓದಿರಲಿಲ್ಲ. ಓದುವ ಅಗತ್ಯವೇ ಬಿದ್ದಿರಲಿಲ್ಲ, ಮಾಸ್ತರರು ಹೇಳಿದ್ದು ಎಲ್ಲರಿಗೂ ಬಾಯಿಪಾಠ. ನಾನು ಬಲ್ಬಿನ ಕೆಳಗೆ ನಿಂತು ಬಿಚ್ಚಿದೆ. ಶಾಲೆಯ ಪಾಠ ಓದುವ ದನಿಯಲ್ಲಿ, ಒಂದೊಂದೇ ಅಕ್ಷರ ಒತ್ತಿ ಓದಿದೆ. ಪತ್ರ ದಾವಲಸಾಬರು ಬರೆದದ್ದಾಗಿರಲಿಲ್ಲ. ರಂಗೂನಿನಲ್ಲಿ ಅವರ ಪಕ್ಕದಲ್ಲಿ ಬಳೆಯಂಗಡಿ ಇಟ್ಟಿದ್ದ ಬಾಗಲಕೋಟೆಯ ಈರಪ್ಪ ಎಂಬವರು ಬರೆದದ್ದು. ಭಾಂಡುಪಿನ ಫ್ರೇಮಿನಲ್ಲಿ ಇರುವುದನ್ನು ಇದ್ದಂತೆಯೇ ಇಲ್ಲಿ ಇಳಿಸುತ್ತೇನೆ:

"ಮೆಹರಬಾನ ಇಮಾಮಸಾಬ ಬಳೆಗಾರ ಇವರಿಗೆ ಈರಪ್ಪನ ಸಲಾಮು. ಇತ್ತ ಕ್ಷೇಮ, ನಿಮ್ಮ ಕ್ಷೇಮಕ್ಕ ಬರಸಬೇಕು. ಈಗ ಬರಿಯೂದು ಏನಂದರ, ಇಲ್ಲಿ ದುಕಾನು ಹೆಚ್ಚಿತು. ಬಳಿ ಒಂದೂ ಬಿಡದಂಗ ಎಲ್ಲಾ ಹೆಚ್ಚಿದವು. ದಾವಲಸಾಬರು"

ಇಲ್ಲಿಂದ ಒಂದೂವರೆ ಸಾಲು ಮಸಿ. ಆಮೇಲೆ:

"ಅವರ ಮನಿಯವರಿಗೆ ಬಳಿ ಹೆಚ್ಚಸಲಿಕ್ಕೆ ಹೇಳಬೇಕು. ನಾನು ನಾಳಿಗೆ ಹೊಂಡುವವ. ಹೆಚ್ಚಿಗಿ ಏನು ಬರಿಯಲಿ."

‘ಬಳಿ ಒಂದೂ ಬಿಡದಂಗ’ ಎಂಬಲ್ಲಿ ನಾನು ತಡೆದೆ. ತಡೆದದ್ದು ಖಂಡಿತ, ಯಾಕೆಂದರೆ ರಾಬಿಯಾಬಿ, ಯಾಕವಾ, ಅಕ್ಷರ ತಿಳಿವಲ್ದೇನು, ಎಂದಳು. ಅಕ್ಷರ ತಿಳಿದಿತ್ತು. ಕೆಂಪು ಶಾಯಿಯ ಗುಣಾಕಾರ ಚಿಹ್ನೆ ಕಣ್ಣ ಮುಂದೆ ಬಂತು ಎಂದು ಹೇಳಿಬಿಟ್ಟರೆ ಈ ಜಾಗಕ್ಕೆ ಚೆನ್ನಾಗಿ ಒಪ್ಪುತ್ತದೆ, ಅದಕ್ಕೇ ಹೇಳಲಾರೆ. ನನಗೆ ಅನಿಸಿದ್ದು ಇಷ್ಟೇ. ಇದು ಮಾಸ್ತರರ ಹೆಚ್ಚು ಅಲ್ಲ. ಈರಪ್ಪ ಬಳೆ ಮಾರುವವನು. ಒಬ್ಬ ಬಳೆ ಮಾರುವವನು ಇನ್ನೊಬ್ಬ ಬಳೆ ಮಾರುವವನಿಗೆ, ಇಬ್ಬರಿಗೂ ಗೊತ್ತಿರುವ ಮಾತಿನಲ್ಲಿ, ಮಗನ ಸಾವು ಬರೆದಿದ್ದಾನೆ. ಅಥವಾ ಬರೀ ಅಂಗಡಿಯ ನಾಶ ಬರೆದಿದ್ದಾನೆ, ಮಗನ ಸುದ್ದಿ ಮಸಿಯ ಕೆಳಗಿದೆ. ಆದರೆ ಮಸಿಯಾದ ಮೇಲೆ ಆ ಸಾಲು ಉಳಿದಿತ್ತು. ಮನೆಯವರಿಗೆ ಬಳೆ ಹೆಚ್ಚಿಸಲಿಕ್ಕೆ ಹೇಳಬೇಕು.

ಮಸಿಯ ತನಕ ಓದಿದೆ. ಅದರ ಮುಂದಿನ ಸಾಲನ್ನು ಓದಿದೆನೋ, ಹಾರಿಸಿ ಮಾತಿನಲ್ಲೇ ಹೇಳಿದೆನೋ, ಇದೇ ನನ್ನ ಅನುಮಾನ. ರಾಬಿಯಾಬಿ ಕೇಳಿದ್ದು ಮಾತ್ರ ಕಿವಿಯಲ್ಲಿದೆ.

"ಹೆಚ್ಚಸೂದಂದ್ರ? ಬೇಟೀ, ಏನದರ ಮತಲಬು?"

ಬಳೆಯವರಲ್ಲದ ಅವಳು ನಿಜವಾಗಿ ಕೇಳಿದಳು. ಅವಳು ಹಾಗೆ ಕೇಳಿದಳೆಂದರೆ ನಾನು ಓದಿರಲೇಬೇಕು ಎಂದು ಇಷ್ಟು ವರ್ಷ ವಾದಿಸಿಕೊಂಡಿದ್ದೇನೆ. ಹಿಂದಿನ ಸಾಲಿನ ‘ಹೆಚ್ಚಿದವು’ ಎಂಬುದಕ್ಕೇ ಕೇಳಿರಬಹುದಲ್ಲ ಎಂಬುದು ಆಮೇಲೆ ಹೊಳೆಯಿತು. ಅಬ್ಬಾ ನನ್ನನ್ನು ನೋಡಲಿಲ್ಲ. ಅಮ್ಮನ ಸ್ಟೋವಿನ ಪಂಪು ನಿಂತಿತು. ನಾನು ಬಡೀಮಾಳ ಕೈ ನೋಡಿದೆ, ಮುಖ ನೋಡಲಿಲ್ಲ. ಮುಖ ನೋಡಿ ತಿಳಿಯಬೇಕು ಎಂಬ ಮನೆಯ ಪಾಠವನ್ನು, ಅದು ಬೇಕಾಗಿದ್ದ ಒಂದೇ ಸಲ, ನಾನು ಪಾಲಿಸಲಿಲ್ಲ.

"ಹೆಚ್ಚು ಅಂದ್ರ ಜಾಸ್ತಿ," ಎಂದೆ. "ಇದರ ವಿರುದ್ಧ ಕಡಿಮೆ. ಅವರ ಮನಿಯವರು ಇನ್ನೂ ಜಾಸ್ತಿ ಬಳಿ ಇಟ್ಕೊಳ್ಳಲಿ ಅಂತ ಬರದಾರ."

"ಆಯ್ ಅಲ್ಲಾ!" ಎಂದು ರಾಬಿಯಾಬಿ ನಕ್ಕಳು. "ಯುದ್ಧದಾಗೂ ಹೆಂಡ್ತಿ ಬಳಿ ಚಿಂತಿ! ನಮ್ಮ ಮನ್ಯಾವಾ ಪ್ಯಾಟಿಗಿ ಹೋದ್ರ ಮೆಣಸಿನಕಾಯಿ ಸೈತ ನೆನಪಿಟ್ಟು ತರೂದಿಲ್ಲ."

ಎಲ್ಲರೂ ನಕ್ಕರು. ಸ್ಟೋವು ಮತ್ತೆ ಹೊತ್ತಿತು. ಮೊದಲ ಬಳೆ ಬಡೀಮಾಳದೇ ಎಂದು ಗಟ್ಟಿಯಾಯಿತು. ರಾಬಿಯಾಬಿ ಹೋಗುವಾಗ ತಾನೂ ಬಡೀಮಾಳ ಮುಂದೆ ಕೈಚಾಚಿ ನಾಲ್ಕು ಬಳೆ ಇಡಿಸಿಕೊಂಡು ಹೋದಳು. ನಾನು ಪತ್ರ ಮಡಚಿದೆ. ಹಳೆಯ ಮಡಿಕೆಗಳಲ್ಲಿ ಮಡಚಲಿಲ್ಲ, ನನಗೆ ತಿಳಿದಂತೆ ಮಡಚಿದೆ. ಫ್ರೇಮಿನಲ್ಲಿ ಇವತ್ತಿಗೂ ಒಂದು ಸೊಟ್ಟ ಗೀರು ಕಾಣುತ್ತದೆ, ಅದು ನನ್ನದು.

ಮರುದಿನ ಬೆಳಿಗ್ಗೆ ಬಡೀಮಾ ರೊಟ್ಟಿ ಬಡಿಯುತ್ತಿದ್ದಳು, ನಾನು ಶಾಲೆಗೆ ಹೊರಟು ಪಕ್ಕದಲ್ಲಿ ತಿನ್ನುತ್ತ ಕೂತಿದ್ದೆ. ಅವಳು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, ತಿರುಗದೆ ಹೇಳಿದಳು.

"ನಿಮ್ಮ ಸಾಲ್ಯಾಗ ಚಲೋ ಕಲಸ್ತಾರ ಬಿಡು."

ಅಷ್ಟೇ. ಇದು ಹೊಗಳಿಕೆಯೋ, ಬೇರೆಯೋ. ನಾನು ಬದುಕಿನಲ್ಲಿ ಬರೆದ ಪುಸ್ತಕಗಳಿಗೆ ಬಂದ ಯಾವ ವಿಮರ್ಶೆಯನ್ನೂ ಇಷ್ಟು ದಿನ ತಲೆಯಲ್ಲಿಟ್ಟುಕೊಂಡಿಲ್ಲ. ಒಂದು ಪದದ ಎರಡು ಅರ್ಥಗಳಲ್ಲಿ ಬೇಕಾದದ್ದನ್ನು ಆರಿಸಿ ಗಟ್ಟಿಯಾಗಿ ಹೇಳಿದರೆ ಮನೆ ನಿಲ್ಲುತ್ತದೆ ಎಂದು ನನಗೆ ಗೊತ್ತಾದದ್ದು ಅಲ್ಲಿ. ಆಮೇಲೆ ಅದನ್ನೇ ಕಸುಬು ಮಾಡಿಕೊಂಡೆ. ಸುಳ್ಳು ಹೇಳಿದೆ ಎಂದು ಅಳುಕು ಇತ್ತೇ? ಇತ್ತು ಎಂದು ಬರೆಯಲು ಕೈ ಓಡುತ್ತದೆ. ಹನ್ನೊಂದು ವರ್ಷದ ಜೈಬೂಗೆ ಅವತ್ತು ಇದ್ದದ್ದು ಬಹುಶಃ ಹೆಮ್ಮೆ. ರಾಬಿಯಾಬಿ ನಕ್ಕಳಲ್ಲ.

ಅರಿಶಿಣದ ದಿನ ಚಾಳಿನ ಹೆಂಗಸರೆಲ್ಲ ನಮ್ಮ ಖೋಲಿಯಲ್ಲೂ ಹೊರಗಿನ ಗ್ಯಾಲರಿಯಲ್ಲೂ ಕಿಕ್ಕಿರಿದಿದ್ದರು. ಯುದ್ಧ ಮುಗಿದಿತ್ತು. ಕರಿ ಕಾಗದವನ್ನು ಅಬ್ಬಾ ಕೆರೆದು ತೆಗೆದಿದ್ದರು, ಅಂಟು ಮಾತ್ರ ಗಾಜಿನ ಮೇಲೆ ಹಳದಿಯಾಗಿ ಉಳಿದಿತ್ತು. ಬಡೀಮಾ ಬೆಳಗಿನಿಂದ ಬಂದವರಿಗೆಲ್ಲ ಬಳೆ ಇಡಿಸುತ್ತಲೇ ಇದ್ದಳು. ಮರಾಠಿ ಮಾತಿನ ನೆರೆಯವರು, ರಾಬಿಯಾಬಿಯ ಕಡೆಯವರು, ನಮ್ಮ ಶಾಲೆಯ ಬಾಯಿ ಕೂಡ. ಬಾಯಿಯ ಕೈಗೆ ಕೆಂಪು ಬಳೆ ಏರಿಸುವಾಗ ಒಂದು ಚಟ್ ಎಂದಿತು. ಬಾಯಿ ನನ್ನ ಕಡೆ ತಿರುಗಿ, ಜೈಬೂ, ಹೆಚ್ಚಿತು ನೋಡು, ಎಂದು ನಕ್ಕರು. ಅವರಿಗೆ ನೆನಪಿತ್ತು. ಬಡೀಮಾ ಕೂಡ ನಕ್ಕಳು.

ಆಪಾಳನ್ನು ಚಾಪೆಯ ಮೇಲೆ ಕೂರಿಸಿದರು. ತಾಟಿನಲ್ಲಿ ಅ‍ಕ್ಕಿ, ಅಕ್ಕಿಯ ಮೇಲೆ ಹಸಿರು ಬಳೆಯ ಎರಡು ಸುತ್ತು. ಬಡೀಮಾ ಎದುರು ಕೂತು ಆಪಾಳ ಎಡಗೈ ಹಿಡಿದಳು. ಬೆರಳುಗಳನ್ನು ಕೂಡಿಸಿದಳು, ಹೆಬ್ಬೆರಳ ಬುಡ ಒತ್ತಿದಳು, ಮೊದಲ ಬಳೆಯನ್ನು ಎತ್ತಿಕೊಂಡಳು. ಬೆಳಕಿಗೆ ಹಿಡಿದು ಬಿರುಕು ಇದೆಯೇ ಎಂದು ನೋಡಿದಳು. ಪ್ರತಿ ಬಳೆಯನ್ನೂ ಅವಳು ಹಾಗೆಯೇ ನೋಡುತ್ತಿದ್ದಳು, ಇದರಲ್ಲಿ ವಿಶೇಷ ಏನೂ ಇಲ್ಲ. ಆಮೇಲೆ ಅದನ್ನು ಪಕ್ಕದಲ್ಲಿದ್ದ ಅಮ್ಮನ ಕೈಗೆ ಕೊಟ್ಟಳು.

"ಮೊದಲಿಂದು ನೀ ಇಡಸು."

"ನಾನಾ? ಭಾಬಿ, ಎಲ್ಲಾ ಮಾತಾಗಿ ಮತ್ತ..."

"ಮುಂಜಾನಿಂದ ಇಡಸಿ ಇಡಸಿ ಕೈ ನೋಯಾಕತ್ತೈತಿ. ಹೂಂ, ಇಡಸು. ನಿಧಾನ. ಹುಡುಗಿ ಕೈ ಹಿಂಡಬ್ಯಾಡ, ಹಿಟ್ಟಲ್ಲ ಅದು."

ಹೆಂಗಸರು ನಕ್ಕರು. ಅಮ್ಮ ಮೊದಲ ಬಳೆ ಇಡಿಸಿದಳು. ಎರಡನೆಯದರಿಂದ ಬಡೀಮಾ ತಾನೇ ತೆಗೆದುಕೊಂಡು ಎರಡೂ ಕೈ ತುಂಬಿದಳು. ಒಂದೂ ಹೆಚ್ಚಲಿಲ್ಲ. ಆಮೇಲೆ ಸಂಜೆಯವರೆಗೂ ಕೂತು ಉಳಿದವರಿಗೆಲ್ಲ ಬಳೆ ಇಡಿಸಿದಳು. ಅವಳ ಸ್ವಂತ ಕೈಯಲ್ಲಿ ಆ ಇಪ್ಪತ್ತನಾಲ್ಕು ಬಳೆ ಆ ದಿನವೂ ಇದ್ದವು, ಅವಳು ತೀರಿಕೊಂಡ ದಿನವೂ ಇದ್ದವು. ಸ್ನಾನ ಮಾಡಿಸುವ ಮೊದಲು ಅವನ್ನು ತೆಗೆದವಳು ಆಪಾ. ಒಂದನ್ನೂ ಹೆಚ್ಚಿಸದೆ, ಸೋಪು ಹಚ್ಚಿ, ಒಂದೊಂದಾಗಿ.

ದಾದಾ ತಿಳಿದೇ ಪೇಢೆ ಹಂಚಿದರೋ ತಿಳಿಯದೆಯೋ, ನನಗೆ ಗೊತ್ತಿಲ್ಲ. ಮಸಿಯ ಕೆಳಗೆ ಏನಿದೆ, ಗೊತ್ತಿಲ್ಲ. ಪ್ಲಾಸ್ಟಿಕ್ಕಿನ ಮೇಲಿಂದ ದೀಪಕ್ಕೆ ಹಿಡಿದು ನೋಡಿದ್ದೇನೆ, ಕಾಣುವುದಿಲ್ಲ. ಹೊರಟ ಈರಪ್ಪ ಎಲ್ಲಿಗೆ ಮುಟ್ಟಿದರು, ಗೊತ್ತಿಲ್ಲ. ಆ ಸಾಲನ್ನು ನಾನು ಓದಿದೆನೋ ಬಿಟ್ಟೆನೋ, ಹೇಳಿದೆನಲ್ಲ. ಇವು ಗೊತ್ತಾಗದಿದ್ದರೂ ನಡೆಯುತ್ತದೆ. ಅವತ್ತು ಬಡೀಮಾಳ ಕೈ ನಿಜವಾಗಿ ನೋಯುತ್ತಿತ್ತೇ ಎಂದು ನಾನು ಕೇಳಬಹುದಾಗಿತ್ತು. ಅದಾದ ಮೇಲೆ ಹತ್ತು ವರ್ಷ ಅವಳು ಬದುಕಿದ್ದಳು, ದಿನಾ ಅವಳ ಪಕ್ಕದಲ್ಲಿ ಕೂತು ರೊಟ್ಟಿ ತಿಂದೆ. ಕೇಳಲಿಲ್ಲ. ನನಗೆ ಗೊತ್ತಿಲ್ಲ.